ಜಾಗ್ವಾರ್ ಇ-ಟೈಪೋ, ಪೋರ್ಷೆ 911 ಓ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕಾರಿನ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಕೂತರೆ, ಎರಡನೇ ಕಾಫಿ ಬರುವಷ್ಟರಲ್ಲಿ ಈ ವಾದ ಶುರುವಾಗಿರುತ್ತದೆ. ಒಂದು ಇಂಗ್ಲೆಂಡಿನ ಕಾವೆಂಟ್ರಿಯ ಕಾರು, ಇನ್ನೊಂದು ಜರ್ಮನಿಯ ಸ್ಟುಟ್‌ಗಾರ್ಟ್‌ನದು. ಕೆಲಸದ ಮೇಲೆ ನಾನು ಸ್ಟುಟ್‌ಗಾರ್ಟ್‌ನಲ್ಲಿ ಒಂದಷ್ಟು ಕಾಲ ಇದ್ದವನು. ಹಾಗಂತ ನನ್ನನ್ನು ಈಗಲೇ 911ರ ಪಾರ್ಟಿಗೆ ಸೇರಿಸಬೇಡಿ. ಗೆಳೆಯರು, ನೆಂಟರು, ಪಕ್ಕದ ಮನೆಯ ಕಾಲೇಜು ಹುಡುಗ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಇವೆರಡನ್ನೇ ಯಾಕೆ ಹೋಲಿಸಬೇಕು?

ಎರಡೂ ಹೆಚ್ಚು ಕಡಿಮೆ ಒಂದೇ ಕಾಲದವು. ಇ-ಟೈಪ್ 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಜನರ ಮುಂದೆ ಬಂತು. 911 ಬಂದದ್ದು 1963ರ ಸೆಪ್ಟೆಂಬರ್‌ನಲ್ಲಿ, ಫ್ರಾಂಕ್‌ಫರ್ಟ್‌ನ ಮೋಟರ್ ಶೋದಲ್ಲಿ. ಎರಡಕ್ಕೂ ಆರು ಸಿಲಿಂಡರ್. ಎರಡೂ ಜೋರಾಗಿ ಓಡಲೆಂದೇ ಹುಟ್ಟಿದವು. ಹೋಲಿಕೆ ಅಲ್ಲಿಗೇ ಮುಗಿಯಿತು. ಇ-ಟೈಪ್‌ನದು 3.8 ಲೀಟರ್ ಎಂಜಿನ್, ಉದ್ದನೆ ಬಾನೆಟ್ ಕೆಳಗೆ ಸಾಲಾಗಿ ನಿಂತ ಸಿಲಿಂಡರ್‌ಗಳು, ತಂಪು ಮಾಡೋಕೆ ನೀರು. 911ರದು ಬರೀ 2 ಲೀಟರ್, ಮೂರು ಮೂರು ಸಿಲಿಂಡರ್ ಎದುರುಬದುರು ಮಲಗಿವೆ, ತಂಪು ಮಾಡೋದು ಗಾಳಿ, ಮತ್ತೆ ಎಂಜಿನ್ ಇರೋದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ.

ನನ್ನ ಲೆಕ್ಕದಲ್ಲಿ ನಿಜವಾದ ವ್ಯತ್ಯಾಸ ಬೇರೆ. ಇ-ಟೈಪ್ ಅತಿ ಚೆಂದ ಇದ್ದದ್ದು ಹುಟ್ಟಿದ ದಿನ. ಆಮೇಲೆ ಕೈ ಹಾಕಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕೆಟ್ಟಿತು. 911 ಒಂದು ತಪ್ಪನ್ನು ಬೆನ್ನಿಗೆ ಕಟ್ಟಿಕೊಂಡೇ ಹುಟ್ಟಿತು, ಅದನ್ನು ತಿದ್ದಿಕೊಳ್ಳುತ್ತಲೇ 60 ವರ್ಷ ದಾಟಿತು. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಪೋರ್ಶ್ ಅನ್ನಬೇಕಾ, ಪೋರ್ಷೆ ಅನ್ನಬೇಕಾ?

ಅದು ಮನೆತನದ ಹೆಸರು, ಕೊನೆಯ ಅಕ್ಷರವನ್ನು ನುಂಗಬಾರದು. ಪೋರ್ಷೆ ಎನ್ನಿ, ಪೋರ್ಷ ಎಂದರೂ ನಡೆಯುತ್ತದೆ. ಜರ್ಮನ್ನರು 911ಕ್ಕೆ ‘ನೊಯ್ನ್-ಎಲ್ಫರ್’ ಎನ್ನುತ್ತಾರೆ, ಅಂದರೆ ‘ಒಂಬತ್ತು-ಹನ್ನೊಂದು’. ಒಂಬೈನೂರ ಹನ್ನೊಂದು ಅಂತ ಯಾರೂ ಅನ್ನುವುದಿಲ್ಲ.

ಜಿನೀವಾದ ಕಥೆ ಏನದು, ರಾತ್ರಿಯಿಡೀ ಕಾರು ಓಡಿಸಿದ್ದಂತೆ?

ನಿಜ ಕಥೆಯೇ. ಪತ್ರಕರ್ತರಿಗೆ ತೋರಿಸಬೇಕಿದ್ದ ಬೂದು ಬಣ್ಣದ ಕೂಪೆಯನ್ನು (ಗಟ್ಟಿ ಛಾವಣಿಯ ಕಾರು) ಜಾಗ್ವಾರ್‌ನ ಬಾಬ್ ಬೆರಿ ಕಾವೆಂಟ್ರಿಯಿಂದ ಜಿನೀವಾಕ್ಕೆ ತಾವೇ ಓಡಿಸಿಕೊಂಡು ಹೋದರು. ತಲುಪುವ ಹೊತ್ತಿಗೆ ಕಾರ್ಯಕ್ರಮಕ್ಕೆ ಕೆಲವೇ ನಿಮಿಷ ಉಳಿದಿತ್ತು. ಗಡಿಬಿಡಿಯಲ್ಲಿ ತೊಳೆದು ಒರೆಸಿ ಒಳಗೆ ನಿಲ್ಲಿಸಿದರು. ನೋಡಿದವರೆಲ್ಲ ಕೂತು ಒಂದು ರೌಂಡ್ ಹೋಗಬೇಕು ಅಂತ ಸಾಲು ನಿಂತರು. ಒಂದು ಕಾರು ಸಾಕಾಗಲಿಲ್ಲ. ಕಾವೆಂಟ್ರಿಗೆ ಫೋನು ಹೋಯಿತು. ಕಂಪನಿಯ ಟೆಸ್ಟ್ ಡ್ರೈವರ್ ನಾರ್ಮನ್ ಡೂಯಿಸ್ ಕೈಯಲ್ಲಿದ್ದ ಕೆಲಸ ಬಿಟ್ಟು, ಮೇಲ್ಛಾವಣಿ ತೆರೆಯುವ ಇನ್ನೊಂದು ಹಸಿರು ಇ-ಟೈಪ್ ಹತ್ತಿದರು. ನಡುವೆ ಸಮುದ್ರ, ಫೆರಿ, ಇಡೀ ಫ್ರಾನ್ಸ್. ಬೆಳಿಗ್ಗೆ ಜಿನೀವಾದಲ್ಲಿದ್ದರು.

ಈಗಿನ ಕಂಪನಿಯವರು ಹೊಸ ಕಾರನ್ನು ಬಟ್ಟೆ ಮುಚ್ಚಿ ಟ್ರಕ್‌ನಲ್ಲಿ ತರುತ್ತಾರೆ. ಇವರು ಜಗತ್ತೇ ನೋಡಿರದ ಕಾರನ್ನು ಹೆದ್ದಾರಿಯಲ್ಲಿ ಓಡಿಸಿಕೊಂಡು ಬಂದರು. ಧೈರ್ಯ ನೋಡಿ!

ಇ-ಟೈಪ್ ಅಷ್ಟು ಚೆಂದ ಇರೋದಕ್ಕೆ ಕಾರಣ ಏನು?

ಅದಕ್ಕೆ ರೂಪ ಕೊಟ್ಟ ಮ್ಯಾಲ್ಕಮ್ ಸೇಯರ್ ಮೂಲತಃ ವಿಮಾನದ ಕೆಲಸ ಕಲಿತವರು. ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿದ್ದರು. ಸ್ಟೈಲಿಸ್ಟ್ ಎಂದು ಕರೆದರೆ ಅವರಿಗೆ ಹಿಡಿಸುತ್ತಿರಲಿಲ್ಲವಂತೆ. ಅವರು ರೇಖೆಗಳನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಬರೆಯುತ್ತಿದ್ದರು. ಗಾಳಿ ಕಾರಿನ ಮೈಮೇಲೆ ಹೇಗೆ ಜಾರಿ ಹೋಗಬೇಕು ಅನ್ನೋದಕ್ಕೆ ಅಂಕಿಗಳ ಪಟ್ಟಿ, ಆ ಅಂಕಿಗಳಿಂದ ಬಾಗು ಬಳುಕು. ಇದಕ್ಕೂ ಮುಂಚೆ ಅವರು ಮಾಡಿದ ಡಿ-ಟೈಪ್ ರೇಸ್ ಕಾರು 1955, 56, 57 ಹೀಗೆ ಮೂರು ವರ್ಷ ಸತತವಾಗಿ ಫ್ರಾನ್ಸಿನ ಲ ಮಾನ್ 24 ಗಂಟೆ ರೇಸ್ ಗೆದ್ದಿತ್ತು. ಇ-ಟೈಪ್ ಅದರ ತಂಗಿ. ಇಡೀ ಮೂತಿಯೇ ಬಾನೆಟ್ ಆಗಿ ಮುಂದಕ್ಕೆ ತೆರೆದುಕೊಳ್ಳುತ್ತದೆ, ಹೆಡ್‌ಲೈಟ್ ಮೇಲೆ ಗಾಜಿನ ಮುಚ್ಚಳ, ಮುಂದಿನ ಗಾಜಿಗೆ ಮೂರು ವೈಪರ್. 1996ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಒಂದು ನೀಲಿ ಇ-ಟೈಪನ್ನು ತನ್ನ ಕಾಯಂ ಸಂಗ್ರಹಕ್ಕೆ ಸೇರಿಸಿಕೊಂಡಿತು.

911ರ ಹೆಸರು ಮೊದಲು 901 ಇತ್ತಂತೆ?

ಹೌದು. ಫ್ರಾಂಕ್‌ಫರ್ಟ್‌ನಲ್ಲಿ ತೋರಿಸಿದಾಗ ಅದು 901. ಫ್ರಾನ್ಸಿನ ಪ್ಯೂಜೋ ಕಂಪನಿ ತಕರಾರು ತೆಗೆಯಿತು: ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು, 203, 404 ಎಲ್ಲ ನೋಡಿ ಅಂತ. ಪೋರ್ಷೆಯವರು ಕೋರ್ಟಿಗೆ ಅಲೆಯಲಿಲ್ಲ, ಸೊನ್ನೆಯ ಜಾಗದಲ್ಲಿ ಒಂದು ಹಾಕಿ ಕೈ ತೊಳೆದುಕೊಂಡರು. ಅಷ್ಟರೊಳಗೆ 82 ಕಾರುಗಳು 901 ಎಂದೇ ತಯಾರಾಗಿದ್ದವು. ಹಳೇ 911ರ ಬಿಡಿಭಾಗಗಳ ನಂಬರ್ ಈಗಲೂ 901 ಎಂದೇ ಶುರುವಾಗುತ್ತದೆ.

ಎಂಜಿನ್ ಅಷ್ಟು ಹಿಂದೆ ಇಡೋದು ಹುಚ್ಚು ಅಲ್ವಾ?

ನಾನು ಮೇಲೆ ಹೇಳಿದ ತಪ್ಪು ಇದೇ. ಎಂಜಿನ್ ಹಿಂದಿರುವುದು ನಮಗೆ ಹೊಸದೇನಲ್ಲ. ಆಟೋರಿಕ್ಷಾದಲ್ಲಿ ಹಾಗೇ ಇದೆ, ಟಾಟಾ ನ್ಯಾನೋದಲ್ಲೂ ಹಿಂದೆಯೇ ಇತ್ತು. ಆದರೆ ಅವನ್ನು ಯಾರೂ 200 ಕಿ.ಮೀ. ವೇಗದಲ್ಲಿ ತಿರುವಿಗೆ ತರುವುದಿಲ್ಲ.

ಎತ್ತಿನ ಗಾಡಿ ಹೂಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಹೇರು ಹಿಂಭಾರವಾದರೆ ನೊಗ ಮೇಲಕ್ಕೇಳುತ್ತದೆ, ಎತ್ತಿಗೆ ಹಿಡಿತ ಸಿಗುವುದಿಲ್ಲ. 911ರ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಹಿಂದಿನ ಚಕ್ರಗಳ ಮೇಲೆ. ಮೂತಿ ಹಗುರ. ತಿರುವಿಗೆ ಜೋರಾಗಿ ನುಗ್ಗಿ, ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರೋ, ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟಯರ್‌ಗಳ ಹಿಡಿತ ಸಡಿಲಾಗುತ್ತದೆ, ಹಿಂಭಾಗ ನಿಮ್ಮನ್ನೇ ಓವರ್‌ಟೇಕ್ ಮಾಡಲು ಬರುತ್ತದೆ. ಬೇರೆ ಕಾರಿನಲ್ಲಿ ಕಾಲು ತೆಗೆದರೆ ಬಚಾವಾಗುತ್ತೀರಿ. ಇದರಲ್ಲಿ ಕಾಲು ತೆಗೆದದ್ದೇ ತಪ್ಪಾಗುತ್ತದೆ.

ಪೋರ್ಷೆಯವರು ಮೊದಲು ಮಾಡಿದ ಉಪಾಯ ಕೇಳಿದರೆ ನಗು ಬರುತ್ತದೆ. ಮುಂದಿನ ಬಂಪರ್‌ನ ಎರಡೂ ಮೂಲೆಗೆ ಸುಮಾರು 11 ಕೆ.ಜಿ.ಯ ಕಬ್ಬಿಣದ ತುಂಡುಗಳನ್ನು ಸೇರಿಸಿದರು. ಹಿಂಭಾರಕ್ಕೆ ಮುಂದೆ ಕಲ್ಲು ಕಟ್ಟಿದ ಹಾಗೆ. ನಿಜವಾದ ಮದ್ದು ಬಂದದ್ದು 1969ರ ಮಾಡೆಲ್‌ನಲ್ಲಿ. ಎಂಜಿನ್ ಇದ್ದಲ್ಲೇ ಇಟ್ಟು ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು. ಒಂದು ದೊಡ್ಡ ಬ್ಯಾಟರಿ ತೆಗೆದು ಎರಡು ಸಣ್ಣವನ್ನು ಮುಂದಿನ ಎರಡು ಮೂಲೆಗೆ ಹಾಕಿದರು. ಮೂರು ಬೆರಳಗಲದಷ್ಟು ಬದಲಾವಣೆ, ಕಾರಿನ ಸ್ವಭಾವವೇ ಸುಧಾರಿಸಿತು.

ಇದರ ಲಾಭವೂ ಇದೆ. ಭಾರವೆಲ್ಲ ಓಡಿಸುವ ಚಕ್ರಗಳ ಮೇಲಿರುವುದರಿಂದ ತಿರುವಿನಿಂದ ಹೊರಬರುವಾಗ ಗ್ಯಾಸ್ ಕೊಟ್ಟರೆ ಟಯರ್ ಸುಮ್ನೆ ಸುತ್ತುವುದಿಲ್ಲ, ಕಾರು ನೆಲ ಕಚ್ಚಿಕೊಂಡು ಎಗರುತ್ತದೆ. ಹಿಮದಲ್ಲಂತೂ ಇದು ವರ. ಎಂಜಿನ್ ಹಿಂದೆ ಸರಿದ ಕಾರಣ ಮಕ್ಕಳು ಕೂರುವಷ್ಟು ಹಿಂದಿನ ಸೀಟೂ ಸಿಕ್ಕಿತು.

ಗಾಳಿಯಿಂದ ಎಂಜಿನ್ ತಂಪಾಗುತ್ತಾ? ನಮ್ಮ ಸೆಖೆಯಲ್ಲಿ?

ಬುಲೆಟ್ ಬೈಕಿನಲ್ಲಿ ಆಗುವುದಿಲ್ವಾ! ಬೈಕಿಗೆ ಓಡುವಾಗ ಗಾಳಿ ಸಿಗುತ್ತದೆ, 911ಕ್ಕೆ ಎಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುವ ದೊಡ್ಡ ಫ್ಯಾನ್ ಇದೆ. ಆ ಫ್ಯಾನಿನ ಗುಯ್ ಎನ್ನುವ ಸದ್ದೇ ಹಳೇ 911ರ ಗುರುತು. ಅರ್ಧ ಕೆಲಸ ಗಾಳಿಯದಾದರೆ ಇನ್ನರ್ಧ ಆಯಿಲ್‌ನದು. ಅದಕ್ಕೇ ಈ ಕಾರು ಸುಮಾರು 9 ಲೀಟರ್ ಆಯಿಲ್ ಕುಡಿಯುತ್ತದೆ. ಆಯಿಲ್‌ಗೆ ಬೇರೆಯೇ ಟ್ಯಾಂಕ್ ಇದೆ. ಅಳತೆ ನೋಡಬೇಕಾದ್ದು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅದು ಓಡುತ್ತಿರುವಾಗಲೇ, ಸಮತಟ್ಟು ನೆಲದಲ್ಲಿ. ತಣ್ಣಗಿರುವಾಗ ನೋಡಿ ಕಡಿಮೆ ಇದೆ ಅಂತ ಸುರಿದು ತೊಂದರೆ ಮಾಡಿಕೊಂಡವರು ಬಹಳ ಜನ.

ಆಯಿಲ್ ಅಂದಾಗ ನೆನಪಾಯಿತು. 1972ರ ಮಾಡೆಲ್‌ನಲ್ಲಿ ಆಯಿಲ್ ಹಾಕುವ ಬಾಯಿಯನ್ನು ಕಾರಿನ ಹೊರಮೈಗೆ, ಬಲಗಡೆ ಬಾಗಿಲಿನ ಹಿಂದೆ ಕೊಟ್ಟಿದ್ದರು. ನೋಡೋಕೆ ಥೇಟ್ ಪೆಟ್ರೋಲ್ ಮುಚ್ಚಳ. ಬಂಕ್ ಹುಡುಗರು ಅದಕ್ಕೇ ಪೆಟ್ರೋಲ್ ಸುರಿಯತೊಡಗಿದರು! ಒಂದೇ ವರ್ಷಕ್ಕೆ ಅದನ್ನು ತೆಗೆದುಹಾಕಿದರು. ಈಗ ಸಂಗ್ರಹಕಾರರು ಹುಡುಕುವುದು ಆ ಒಂದು ವರ್ಷದ ಮುಚ್ಚಳವನ್ನೇ.

ಇ-ಟೈಪ್‌ನ ಕಷ್ಟ ಬೇರೆ. ಮೂತಿಯ ಬಾಯಿ ಚಿಕ್ಕದು, ಒಳಗೆ ದೊಡ್ಡ ಎಂಜಿನ್. ಓಡುತ್ತಿದ್ದರೆ ಸರಿ, ಟ್ರಾಫಿಕ್‌ನಲ್ಲಿ ನಿಂತರೆ ಬಿಸಿಯ ಮುಳ್ಳು ಮೇಲೇರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ತರುವ ಕಾರಲ್ಲ.

ಯಾವುದು ಜಾಸ್ತಿ ವೇಗ?

ಇ-ಟೈಪ್, ಅನುಮಾನವೇ ಇಲ್ಲ. ಮೊದಲ ಇ-ಟೈಪ್‌ಗೆ 265 ಎಚ್‌ಪಿ ಎಂದು ಹೇಳುತ್ತಿದ್ದರು, ಮೊದಲ 911ಕ್ಕೆ 130. ಎರಡಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಇಂಗ್ಲಿಷರ ಲೆಕ್ಕ ಎಂಜಿನ್ ಒಂದನ್ನೇ ಬೇರೆ ಇಟ್ಟು, ಅದರ ಹೊರೆಗಳನ್ನೆಲ್ಲ ಕಳಚಿ ಅಳೆದದ್ದು. ಜರ್ಮನ್ನರದು ಕಾರಿನಲ್ಲಿ ಇರುವ ಹಾಗೇ ಅಳೆದದ್ದು. ಆದರೂ ಅಂತರ ದೊಡ್ಡದೇ. 911 ಗಂಟೆಗೆ 210 ಕಿ.ಮೀ. ಮುಟ್ಟುತ್ತಿತ್ತು, ನಿಂತಲ್ಲಿಂದ 100ಕ್ಕೆ ಸುಮಾರು 9 ಸೆಕೆಂಡ್. ಇ-ಟೈಪ್ ಹೆಚ್ಚು ಕಡಿಮೆ ಅದೇ 100 ಕಿ.ಮೀ. ವೇಗವನ್ನು 7 ಸೆಕೆಂಡ್‌ನಲ್ಲಿ ಮುಟ್ಟುತ್ತಿತ್ತು.

ಇ-ಟೈಪ್ ಗಂಟೆಗೆ 150 ಮೈಲಿ ಓಡುತ್ತಿತ್ತು ಅನ್ನೋದು ನಿಜವಾ?

ಪತ್ರಿಕೆಯವರು ಪರೀಕ್ಷಿಸಿದ ಕಾರು ಓಡಿತು. 150 ಮೈಲಿ ಅಂದರೆ 241 ಕಿ.ಮೀ. ಆದರೆ ಆ ಕಾರುಗಳನ್ನು ಪರೀಕ್ಷೆಗೆಂದು ಚೆನ್ನಾಗಿ ಹದ ಮಾಡಿ ಕಳಿಸಿದ್ದರು. ಪರೀಕ್ಷೆಯ ದಿನ ಮಗನಿಗೆ ಹೊಸ ಅಂಗಿ ಹಾಕಿ ಕಳಿಸಿದ ಹಾಗೆ. ಗಿರಾಕಿಗಳ ಮನೆಗೆ ಬಂದ ಕಾರು ಅಷ್ಟು ಓಡುತ್ತಿರಲಿಲ್ಲ.

ಆಗಿನ ಬೆಲೆ?

1961ರಲ್ಲಿ ತೆರೆದ ಇ-ಟೈಪ್‌ಗೆ ಇಂಗ್ಲೆಂಡಿನಲ್ಲಿ ತೆರಿಗೆ ಸೇರಿ 2,097 ಪೌಂಡ್, ಕೂಪೆಗೆ 2,196. ಆಸ್ಟನ್ ಮಾರ್ಟಿನ್ ಡಿಬಿ4 ಬೇಕೆಂದರೆ ಅದರ ಸುಮಾರು ಎರಡು ಪಟ್ಟು ಕೊಡಬೇಕಿತ್ತು. ಅಷ್ಟು ಅಗ್ಗಕ್ಕೆ ಕೊಡುವುದು ಜಾಗ್ವಾರ್ ಕಟ್ಟಿದ ಸರ್ ವಿಲಿಯಂ ಲಯನ್ಸ್ ಅವರ ಹಳೇ ವಿದ್ಯೆ. 911ರ ಬೆಲೆ ಜರ್ಮನಿಯಲ್ಲಿ 21,900 ಮಾರ್ಕ್. ಇಂಗ್ಲೆಂಡಿಗೆ ಬರುವಷ್ಟರಲ್ಲಿ ಸುಂಕ ಸೇರಿ ಇ-ಟೈಪ್‌ಗಿಂತ ತುಂಬಾ ದುಬಾರಿಯಾಗುತ್ತಿತ್ತು. ಅರ್ಧ ಶಕ್ತಿಯ ಕಾರಿಗೆ ಜಾಸ್ತಿ ದುಡ್ಡು! ಕೊಂಡವರು ದುಡ್ಡು ಕೊಟ್ಟದ್ದು ಗಟ್ಟಿಮುಟ್ಟಾದ ಕೆಲಸಕ್ಕೆ.

ಓಡಿಸೋಕೆ ಯಾವುದು ಸುಲಭ?

ಮೊದಲ ವರ್ಷದ ಇ-ಟೈಪ್‌ನಲ್ಲಿ ಕಾಲಿಡುವ ಜಾಗ ಸಪಾಟು. ಆರಡಿ ಆಳು ಕೂತರೆ ಮಂಡಿ ಸ್ಟೀರಿಂಗ್‌ಗೆ ತಗಲುತ್ತಿತ್ತು. 1962ರಲ್ಲಿ ನೆಲವನ್ನು ತಗ್ಗಿಸಿದರು. ಗೇರ್‌ಬಾಕ್ಸ್ ಹಳೆಯ ಮಾಸ್ ಕಂಪನಿ ನಮೂನೆಯದು, ಗೇರ್ ಸಲೀಸಾಗಿ ಕೂರಿಸುವ ಸಿಂಕ್ರೋ ಮೊದಲ ಗೇರಿಗೆ ಇಲ್ಲ, ಅವಸರ ಮಾಡಿದರೆ ಕರಕರ ಎನ್ನುತ್ತಿತ್ತು. ಬ್ರೇಕ್ ನಾಲ್ಕು ಚಕ್ರಕ್ಕೂ ಡಿಸ್ಕ್, ಆದರೆ ಅಷ್ಟು ವೇಗಕ್ಕೆ ಸಾಲದು ಅನ್ನುವ ದೂರು. ಇಷ್ಟೆಲ್ಲ ಇದ್ದರೂ ಹೆದ್ದಾರಿಯಲ್ಲಿ ಅದು ಬೆಣ್ಣೆ. ನಾಲ್ಕನೇ ಗೇರ್‌ಗೆ ಹಾಕಿ ಬಿಟ್ಟರೆ ಎಷ್ಟು ನಿಧಾನದಿಂದಲೂ ಎಳೆದುಕೊಂಡು ಹೋಗುತ್ತದೆ.

911ರಲ್ಲಿ ಐದು ಗೇರ್. ಮೊದಲನೆಯದು ಎಡಕ್ಕೆ ಹಿಂದಕ್ಕೆ ಎಳೆದರೆ ಸಿಗುತ್ತದೆ, ಅಭ್ಯಾಸ ಆಗುವ ತನಕ ಎಡವಟ್ಟು. ಪೆಡಲ್‌ಗಳು ನೆಲದಿಂದ ಎದ್ದಿವೆ. ಎದುರಿಗೆ ಐದು ದುಂಡು ಮೀಟರ್, ನಡುವಿನದು ವೇಗದ್ದಲ್ಲ, ಎಂಜಿನ್ ಸುತ್ತಿನದು. ಸುತ್ತು ಮೇಲೇರಿಸಿದರೆ ಮಾತ್ರ ಈ ಎಂಜಿನ್‌ಗೆ ಜೀವ ಬರುತ್ತದೆ. ಹೀಟರ್ ಹಾಕಿದರೆ ಬಿಸಿಯ ಜೊತೆ ಆಯಿಲ್ ವಾಸನೆಯೂ ಬರುತ್ತದೆ. ಆದರೆ ಸ್ಟೀರಿಂಗ್! ರಸ್ತೆಯ ಮೇಲಿನ ಮರಳು ಕಾಳೂ ಅಂಗೈಗೆ ತಿಳಿಯುತ್ತದೆ ಅನ್ನಬೇಕು.

ರೇಸ್‌ನಲ್ಲಿ?

ಇ-ಟೈಪ್ ಇಳಿದ ಮೊದಲ ರೇಸ್‌ನಲ್ಲೇ, 1961ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕ್‌ನಲ್ಲಿ, ಗ್ರಹಾಂ ಹಿಲ್ ಗೆದ್ದರು. 1963ರಲ್ಲಿ ಅಲ್ಯೂಮಿನಿಯಂ ಮೈಯ ಹಗುರ ಇ-ಟೈಪ್‌ಗಳನ್ನು ಮಾಡಿದರು. 18 ಮಾಡಬೇಕೆಂದಿದ್ದು 12ಕ್ಕೆ ನಿಲ್ಲಿಸಿದರು. ಉಳಿದ ಆರನ್ನು ಜಾಗ್ವಾರ್ 50 ವರ್ಷ ಕಳೆದ ಮೇಲೆ ಹಳೇ ನಂಬರ್‌ಗಳಲ್ಲೇ ತಯಾರಿಸಿತು! ಆದರೆ ಡಿ-ಟೈಪ್‌ನ ಹಾಗೆ ಲ ಮಾನ್ ಗೆಲ್ಲುವ ಯೋಗ ಇ-ಟೈಪ್‌ಗೆ ಬರಲಿಲ್ಲ. 911 ಮೊದಲು ಹೆಸರು ಮಾಡಿದ್ದು ಹಿಮದ ರಸ್ತೆಯಲ್ಲಿ. ಮಾಂಟೆ ಕಾರ್ಲೋ ರ‍್ಯಾಲಿಯನ್ನು 1968ರಲ್ಲಿ ವಿಕ್ ಎಲ್ಫರ್ಡ್, 1969 ಮತ್ತು 70ರಲ್ಲಿ ಬ್ಯೋರ್ನ್ ವಾಲ್ಡೆಗಾರ್ಡ್ 911ರಲ್ಲೇ ಗೆದ್ದರು. ಹಿಂಭಾರದ ಲಾಭ ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬಂತು.

ಒಂದು ಸತ್ತಿತು, ಇನ್ನೊಂದು ಬದುಕಿತು. ಯಾಕೆ?

ಇ-ಟೈಪ್‌ನ ದೊಡ್ಡ ಮಾರುಕಟ್ಟೆ ಅಮೆರಿಕ. ಅಲ್ಲಿನ ನಿಯಮಗಳು ಒಂದೊಂದಾಗಿ ಬಂದವು. 1967ರಲ್ಲಿ ಹೆಡ್‌ಲೈಟ್ ಮೇಲಿನ ಗಾಜು ಹೋಯಿತು. ಹೊಗೆಯ ನಿಯಮಕ್ಕಾಗಿ ಅಮೆರಿಕದ ಕಾರುಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಮೂರು ಕಾರ್ಬ್ಯುರೇಟರ್ ಹೋಗಿ ಎರಡು ಉಳಿದವು. 1966ರಲ್ಲಿ ಹಿಂದಿನ ಸೀಟು ತುರುಕಲು ಕಾರನ್ನು ಹಿಗ್ಗಿಸಿ ಛಾವಣಿ ಎತ್ತರಿಸಿದ್ದರು, ಆ ಗೂನು ನನಗಂತೂ ನೋಡೋಕಾಗಲ್ಲ. 1971ರಲ್ಲಿ 5.3 ಲೀಟರ್‌ನ 12 ಸಿಲಿಂಡರ್ ಎಂಜಿನ್ ಬಂತು. ನಯವಾದ ಎಂಜಿನ್, ಆದರೆ ವಿಪರೀತ ಪೆಟ್ರೋಲ್ ಕುಡಿಯುತ್ತಿತ್ತು. ಎರಡೇ ವರ್ಷಕ್ಕೆ, 1973ರಲ್ಲಿ, ಪೆಟ್ರೋಲ್ ಬಿಕ್ಕಟ್ಟು. 1974ರಲ್ಲಿ ತಯಾರಿಕೆ ನಿಂತಿತು. ಒಟ್ಟು 72,000ಕ್ಕೂ ಹೆಚ್ಚು ಕಾರುಗಳು ಆಗಿದ್ದವು. ಕೊನೆಯ 50ರಲ್ಲಿ ಒಂದನ್ನು ಬಿಟ್ಟು ಎಲ್ಲಕ್ಕೂ ಕಪ್ಪು ಬಣ್ಣ.

911 ಕೂಡ ಸಾಯಬೇಕಿತ್ತು. ಅದರ ಜಾಗಕ್ಕೆಂದೇ 1977ರಲ್ಲಿ 928 ಬಂದಿತ್ತು, ಮುಂದೆ ಎಂಜಿನ್, ನೀರಿನ ತಂಪು. 1981ರಲ್ಲಿ ಪೀಟರ್ ಶುಟ್ಜ್ ಕಂಪನಿಯ ಮುಖ್ಯಸ್ಥರಾದರು. ಎಂಜಿನಿಯರ್ ಹೆಲ್ಮುತ್ ಬಾಟ್ ಅವರ ಕೋಣೆಯ ಗೋಡೆಯಲ್ಲಿ ಒಂದು ಚಾರ್ಟ್. ಬೇರೆ ಕಾರುಗಳ ಗೆರೆ ಮುಂದೆ ಸಾಗುತ್ತಿದೆ, 911ರ ಗೆರೆ 1981ಕ್ಕೆ ನಿಂತಿದೆ. ಶುಟ್ಜ್ ಮಾರ್ಕರ್ ತೆಗೆದುಕೊಂಡು ಆ ಗೆರೆಯನ್ನು ಎಳೆದರು, ಚಾರ್ಟ್ ಮುಗಿದ ಮೇಲೂ ಗೋಡೆಯ ಮೇಲೆ ಎಳೆಯುತ್ತಲೇ ಹೋದರು. ಗಾಳಿಯಿಂದ ತಂಪಾಗುವ ಕೊನೆಯ 911 ತಯಾರಾದದ್ದು 1998ರಲ್ಲಿ. 10 ಲಕ್ಷದ 911 ಹೊರಬಂದದ್ದು 2017ರಲ್ಲಿ.

ಕೊಳ್ಳುವುದಾದರೆ ಯಾವ ವರ್ಷದ್ದು?

ಇ-ಟೈಪ್ ಆದರೆ 1964ರ ಕೊನೆಯಿಂದ 1967ರ ತನಕದ 4.2 ಲೀಟರ್. ಒಳ್ಳೇ ಗೇರ್‌ಬಾಕ್ಸ್, ಒಳ್ಳೇ ಸೀಟು ಬಂದಿದ್ದವು, ಗಾಜಿನ ಮುಚ್ಚಳ ಇನ್ನೂ ಹೋಗಿರಲಿಲ್ಲ. 911 ಆದರೆ 1969ರಿಂದ 1973ರ ಒಳಗಿನದು. 1974ರಿಂದ 77ರ 2.7 ಲೀಟರ್ ಎಂಜಿನ್‌ಗಳಲ್ಲಿ ಸಿಲಿಂಡರ್ ಹೆಡ್ ಹಿಡಿದಿಡುವ ಬೋಲ್ಟ್‌ಗಳು ಕಿತ್ತು ಬರುವ ರೋಗ ಇದೆ, ರಿಪೇರಿ ಆಗಿದೆಯಾ ಕೇಳಿ.

ರಿಪೇರಿ, ತುಕ್ಕು?

ತುಕ್ಕಿನ ವಿಷಯದಲ್ಲಿ ಇಬ್ಬರೂ ಕಳ್ಳರೇ. 911ಕ್ಕೆ ಸತು ಲೇಪಿಸಿದ ತಗಡು ಬಂದದ್ದು 1976ರ ಮಾಡೆಲ್‌ನಿಂದ. ಅದಕ್ಕೂ ಹಿಂದಿನದು ಹೊರಗೆ ಮಿರಮಿರ, ಒಳಗೆ ಹಪ್ಪಳ. ಪೇಂಟ್ ನೋಡಿ ಮರುಳಾಗದೆ ಬಗ್ಗಿ ತಳ ನೋಡಿ, ಆಯಸ್ಕಾಂತ ಹಿಡಿದು ನೋಡಿ. ಟಿಂಕರಿಂಗ್ ಖರ್ಚು ಎಂಜಿನ್ ಖರ್ಚನ್ನೂ ಮೀರಿಸುತ್ತದೆ. ನನ್ನ ಗೆಳೆಯನೊಬ್ಬ ಹೊಳಪು ನೋಡಿ ಹಳೇ ಕಾರೊಂದನ್ನು ಕೊಂಡ. ಜ್ಯಾಕ್ ಕೊಟ್ಟು ಎತ್ತಿದಾಗ ಜ್ಯಾಕ್ ಮೇಲೆ ಹೋಯಿತು, ಕಾರು ಅಲ್ಲೇ ಉಳಿಯಿತು.

ಕ್ಲಚ್ ಹಾಕಲು ಎರಡರಲ್ಲೂ ಎಂಜಿನ್ ಇಳಿಸಬೇಕು. 911ರದು ಕೆಳಗಿನಿಂದ ಸಲೀಸಾಗಿ ಇಳಿಯುತ್ತದೆ. ಇ-ಟೈಪ್‌ನದು ಗೇರ್‌ಬಾಕ್ಸ್ ಸಮೇತ ಬರಬೇಕು. ಅದರ ಹಿಂದಿನ ಬ್ರೇಕ್ ಡಿಸ್ಕ್‌ಗಳೂ ಚಕ್ರದ ಬಳಿ ಇಲ್ಲ, ಒಳಗೆ, ಹಿಂದಿನ ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಪಕ್ಕದಲ್ಲಿವೆ. ಸ್ವಲ್ಪ ದೊಡ್ಡ ಕೆಲಸ ಬಂದರೆ ಹಿಂದಿನ ಇಡೀ ಚೌಕಟ್ಟನ್ನೇ ಕೆಳಗಿಳಿಸಬೇಕು. ಮೆಕ್ಯಾನಿಕ್ ಬೈದರೆ ಬೇಜಾರು ಮಾಡಿಕೊಳ್ಳಬೇಡಿ.

ಭಾರತಕ್ಕೆ ತರಬಹುದಾ?

ಈಗ ದಾರಿ ಇದೆ. ಮೊದಲು 1950ಕ್ಕಿಂತ ಹಿಂದಿನ ಕಾರುಗಳಿಗಷ್ಟೇ ಇದ್ದ ಸವಲತ್ತನ್ನು 2025ರಲ್ಲಿ 50 ವರ್ಷ ದಾಟಿದ ಎಲ್ಲ ಕಾರುಗಳಿಗೂ ಕೊಟ್ಟರು. ಅಂದರೆ ಎಲ್ಲ ಇ-ಟೈಪ್‌ಗಳೂ ಸೇರಿದವು. ಸುಂಕ ಮಾತ್ರ ಕಾರಿನ ಬೆಲೆಯನ್ನೇ ಮೀರಿಸುವಂತಿದೆ. 2021ರ ನಿಯಮದ ಪ್ರಕಾರ ವಿಂಟೇಜ್ ಕಾರಿಗೆ ‘ವಿಎ’ ಅಕ್ಷರ ಇರುವ ನಂಬರ್ ಸಿಗುತ್ತದೆ, ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಆಫೀಸಿಗೆ ಒಯ್ಯುವ ಹಾಗಿಲ್ಲ. ಇನ್ನೊಂದು ಮಾತು, ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪ್‌ಗಳನ್ನು ತಿನ್ನುತ್ತದೆ. ಕಾರು ಬಂದ ತಕ್ಷಣ ಅವನ್ನೆಲ್ಲ ಬದಲಿಸಿ.

ಜಾಗ್ವಾರ್ ಈಗ ನಮ್ಮದೇ ಅಲ್ವಾ?

2008ರಲ್ಲಿ ಟಾಟಾ ಮೋಟರ್ಸ್ ಫೋರ್ಡ್‌ನಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಕೊಂಡಿತು. ಹಾಗಾಗಿ ಆ ಆರು ಹಗುರ ಇ-ಟೈಪ್‌ಗಳು ತಯಾರಾದದ್ದು ಟಾಟಾ ಒಡೆತನದ ಕಾಲದಲ್ಲಿ.

ಎಲ್ಲಿ ನೋಡಬಹುದು?

ಸ್ಟುಟ್‌ಗಾರ್ಟ್‌ಗೆ ಹೋದರೆ ಎಸ್-ಬಾನ್ ರೈಲು ಹತ್ತಿ ನೊಯ್‌ವಿರ್ಟ್ಸ್‌ಹೌಸ್ ನಿಲ್ದಾಣದಲ್ಲಿ ಇಳಿಯಿರಿ, ಪೋರ್ಷೆ ಮ್ಯೂಸಿಯಂ ಎದುರಿಗೇ ಇದೆ. ಅಲ್ಲಿ ಒಂದು ಕೆಂಪು 901 ಇದೆ, 57ನೇ ನಂಬರಿನದು. ಹಳ್ಳಿಯ ಕೊಟ್ಟಿಗೆಯೊಂದರಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು 2014ರಲ್ಲಿ ಕೊಂಡು, ಮೂರು ವರ್ಷ ಕೂತು ರಿಪೇರಿ ಮಾಡಿದ್ದು. ಬೇರೆಲ್ಲ ಬಿಟ್ಟು ಅದರ ಮುಂದೆ ಅರ್ಧ ಗಂಟೆ ನಿಂತಿದ್ದೆ. ಇಂಗ್ಲೆಂಡಿನಲ್ಲಿ ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂನಲ್ಲಿ ಜಾಗ್ವಾರ್ ಸಂಗ್ರಹ ಇದೆ.

ಒಂದೇ ಒಂದು ಸಿಗುತ್ತೆ ಅಂದರೆ ನೀವು ಯಾವುದು ತಗೋತೀರಿ?

911. 1970ರದು, ಹಳದಿ ಬಣ್ಣ ಆದರೆ ಇನ್ನೂ ಖುಷಿ. ಇ-ಟೈಪ್ ಪಕ್ಕದ ಮನೆಯವರ ಹತ್ತಿರ ಇರಲಿ. ದಿನಾ ಬೆಳಿಗ್ಗೆ ಗೇಟಿನಿಂದ ನೋಡಬಹುದು, ರಿಪೇರಿ ಬಿಲ್ ಅವರದು.

ನನ್ನ ಬಜೆಟ್ ಬರೀ ಐನೂರು ರೂಪಾಯಿ. ಏನು ಮಾಡಲಿ?

ಆಟದ ಸಾಮಾನಿನ ಅಂಗಡಿಗೆ ಹೋಗಿ, ಎರಡೂ ಸಿಗಬಹುದು. ಇ-ಟೈಪ್ ಆರಿಸುವಾಗ ಹೆಡ್‌ಲೈಟ್ ಮೇಲೆ ಮುಚ್ಚಳ ಇರುವುದನ್ನೇ ಹುಡುಕಿ. 911ಕ್ಕೆ ಆಯಿಲ್ ನೋಡುವ ತಾಪತ್ರಯ ಇಲ್ಲ.